ತುಮಕೂರಿನ ಬಿಸಿಲಿಗೆ ಒಂದು ಫಜ್ ಪೆಡಲ್

ಏಪ್ರಿಲ್‌ನ ಒಂದು ಭಾನುವಾರ ಮಧ್ಯಾಹ್ನ ತುಮಕೂರಿನಲ್ಲಿ ಒಂದು ಸಣ್ಣ ಕೂಟ ಸೇರಿತ್ತು. ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುವವರು, ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳು ಬಂದಿದ್ದರು. ಅಲ್ಲಿ ನಾನು ಆಡಿದ ಮಾತು ಇದು. ಮಧ್ಯೆ ಬಂದ ಪ್ರಶ್ನೆಗಳನ್ನೂ ಸೇರಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಫ್ಯಾನ್ ಆಫ್ ಮಾಡಿಸಿದ್ದು ನಾನೇ, ಸ್ವಲ್ಪ ಸಹಿಸಿಕೊಳ್ಳಿ. ಇನ್ನು ಅರ್ಧ ಗಂಟೆಯಲ್ಲಿ ಈ ರೂಮು ಇನ್ನೂ ಕಾಯುತ್ತದೆ, ಆ ಕಾವು ನನಗೆ ಬೇಕು. ಫಜ್ ಪೆಡಲ್ ಅಂದರೆ ಗಿಟಾರಿಗೂ ಆಂಪಿಗೂ ಮಧ್ಯೆ ಇಟ್ಟು, ಕಾಲಲ್ಲಿ ತುಳಿದು ಶಬ್ದ ಬದಲಿಸುವ ಡಬ್ಬಿ. ಮೇಜಿನ ಮೇಲೆ ಮುಚ್ಚಳ ತೆಗೆದಿಟ್ಟಿರುವ ಪೆಡಲ್‌ಗೆ ಒಂದು ಮೀಟರ್ ಕಚ್ಚಿಸಿದ್ದೇನೆ. ಈಗ ಅದು 4.6 ವೋಲ್ಟ್ ತೋರಿಸುತ್ತಿದೆ. ಮುಂದಿನ ಸಾಲಿನಲ್ಲಿ ಕೂತಿರುವವರು ಆಗಾಗ ಅದನ್ನು ಓದಿ ಹೇಳಬೇಕು.

ಫಜ್ ಅಂದರೆ ಹರಿದ ಸ್ಪೀಕರಿನ ಶಬ್ದ ಅಂತ ತುಂಬ ಜನ ಅಂದುಕೊಂಡಿದ್ದಾರೆ. ನನ್ನ ಕಿವಿಗೆ ಅದು ಓಲಗದ ಶಬ್ದ. ಮದುವೆ ಮನೆಯಲ್ಲಿ ನಾದಸ್ವರ ಊದಿದರೆ ಆ ಒಂದು ಸ್ವರ ಚಪ್ಪರ ದಾಟಿ, ಬೀದಿ ದಾಟಿ, ಆಚೆ ತಿರುವಿನವರೆಗೂ ಕೇಳುತ್ತದೆ, ಅಲ್ವಾ? ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಹೀಗೆ ಮೇಲಿನ ಕಂಪನಗಳೂ ಅದರಲ್ಲಿ ಜೋರಾಗಿ ಇರುತ್ತವೆ, ಅದಕ್ಕೇ ಅಷ್ಟು ದೂರ ಹೋಗುತ್ತದೆ. ಗಿಟಾರ್ ತಂತಿಯನ್ನು ಮೀಟಿದರೆ ಬರುವ ಅಲೆ ಹೆಚ್ಚು ಕಡಿಮೆ ದುಂಡಗಿರುತ್ತದೆ ಮತ್ತು ಬೇಗ ಸಾಯುತ್ತದೆ. ಫಜ್ ಆ ಅಲೆಯನ್ನು ಸಿಕ್ಕಾಪಟ್ಟೆ ಹಿಗ್ಗಿಸಿ, ಜಾಗ ಸಾಲದೆ ಅದರ ತಲೆಯನ್ನೂ ಬುಡವನ್ನೂ ಚಪ್ಪಟೆ ಮಾಡಿಬಿಡುತ್ತದೆ. ಚಪ್ಪಟೆಯಾದ ಕೂಡಲೇ ಮೇಲಿನ ಕಂಪನಗಳು ಹುಟ್ಟುತ್ತವೆ. ತಂತಿ ಅರ್ಧ ಸುಮ್ಮನಾದರೂ ಅಲೆ ಇನ್ನೂ ಚಪ್ಪಟೆಯಾಗುವಷ್ಟು ದೊಡ್ಡದಿರುತ್ತದೆ, ಹಾಗಾಗಿ ಸ್ವರ ಉಸಿರು ಕಟ್ಟಿ ಊದಿದ ಹಾಗೆ ನಿಲ್ಲುತ್ತದೆ. ಗಮಕ ಎಳೆದು ನೋಡಿ, ಗೊತ್ತಾಗುತ್ತದೆ.

ಇದು ಶುರುವಾಗಿದ್ದೂ ಹೀಗೇ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಹಾಡೊಂದರ ರೆಕಾರ್ಡಿಂಗ್ ನಡೆಯುವಾಗ ಮಿಕ್ಸರಿನ ಒಂದು ಚಾನೆಲ್ ಕೆಟ್ಟಿತ್ತು. ಗ್ರೇಡಿ ಮಾರ್ಟಿನ್ ನುಡಿಸಿದ ಬಾಸ್ ಸೋಲೊ ಗರಗರ ಅಂತ ಬಂತು, ಅದನ್ನು ಹಾಗೇ ಉಳಿಸಿಕೊಂಡರು. ಹಾಡು 1961ರಲ್ಲಿ ಹೊರಬಂತು. ಅಲ್ಲಿನ ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ಶಬ್ದ ಕೊಡುವ ಟ್ರಾನ್ಸಿಸ್ಟರ್ ಸರ್ಕ್ಯೂಟ್ ಮಾಡಿದರು, ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ಮೆಸ್ಟ್ರೋ ಎಫ್‌ಝಡ್-1 ಅಂತ ಮಾರಿತು. ಗಿಟಾರಿನಿಂದ ಟ್ರಂಪೆಟ್, ಟ್ರೊಂಬೋನ್ ಶಬ್ದ ಬರುತ್ತದೆ ಅನ್ನುವುದೇ ಅದರ ಜಾಹೀರಾತು. ಊದುವ ವಾದ್ಯ ನೋಡಿ. ಅವರಿಗೆ ಟ್ರಂಪೆಟ್ ನೆನಪಾಯಿತು, ನಮಗೆ ಓಲಗ ನೆನಪಾಗುತ್ತದೆ. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ಫಜ್ ಫೇಸ್ ತಂದಿತು. ಮೈಕ್ ಸ್ಟ್ಯಾಂಡಿನ ಬುಡದ ಹಾಗೆ ದುಂಡಗಿನ ಡಬ್ಬಿ. ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಾಲಲ್ಲಿ ತುಳಿಯುತ್ತಿದ್ದದ್ದು ಇದನ್ನೇ. ಇವತ್ತಿನ ಮಾತೆಲ್ಲ ಇದರ ಬಗ್ಗೆ.

ಬೋರ್ಡಿನ ಮೇಲೆ ಬರೆದಿದ್ದೇನೆ ನೋಡಿ. ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕಂಡೆನ್ಸರ್, ಎರಡು ಪಾಟ್ ಅಂದರೆ ತಿರುಗಿಸುವ ನಾಬ್. ಇಷ್ಟೇ. ಟ್ರಾನ್ಸಿಸ್ಟರಿಗೆ ಮೂರು ಕಾಲು: ಬೇಸ್, ಕಲೆಕ್ಟರ್, ಎಮಿಟರ್. ಗಿಟಾರ್ ಸಿಗ್ನಲ್ 2.2 ಮೈಕ್ರೋಫ್ಯಾರಡ್ ಕಂಡೆನ್ಸರ್ ದಾಟಿ ಮೊದಲ ಟ್ರಾನ್ಸಿಸ್ಟರಿನ ಬೇಸ್‌ಗೆ ಹೋಗುತ್ತದೆ. ಅದರ ಕಲೆಕ್ಟರ್‌ಗೆ 33 ಕೆ, ಅಂದರೆ 33 ಸಾವಿರ ಓಮ್, ಮೂಲಕ ಬ್ಯಾಟರಿ. ಅದೇ ಕಲೆಕ್ಟರ್ ನೇರವಾಗಿ ಎರಡನೇ ಟ್ರಾನ್ಸಿಸ್ಟರಿನ ಬೇಸ್‌ಗೆ ಸೇರುತ್ತದೆ, ಮಧ್ಯೆ ಏನೂ ಇಲ್ಲ. ಎರಡನೆಯದರ ಕಲೆಕ್ಟರ್‌ನಲ್ಲಿ 8.2 ಕೆ, ಅದರ ಹಿಂದೆ 470 ಓಮ್, ಆಮೇಲೆ ಬ್ಯಾಟರಿ. ಎಮಿಟರ್‌ನಲ್ಲಿ 1 ಕೆ ಫಜ್ ಪಾಟ್, ಅದರ ಜೊತೆ 20 ಮೈಕ್ರೋಫ್ಯಾರಡ್. ಆ ಎಮಿಟರಿನಿಂದ 100 ಕೆ ವಾಪಸ್ ಮೊದಲಿನ ಬೇಸ್‌ಗೆ. 8.2 ಕೆ ಮತ್ತು 470 ಸೇರುವ ಜಾಗದಿಂದ 0.01 ಮೈಕ್ರೋಫ್ಯಾರಡ್ ಮೂಲಕ 500 ಕೆ ವಾಲ್ಯೂಮ್ ಪಾಟ್‌ಗೆ ಶಬ್ದ ಹೊರಗೆ. ಒಂದು ಸಂಜೆಯಲ್ಲಿ ಬೆಸುಗೆ ಹಾಕಿ ಮುಗಿಸಬಹುದು.

ಮುಗಿಸಿದ ಮೇಲೆ ಚೆನ್ನಾಗಿ ಕೇಳುತ್ತದಾ? ಹೆಚ್ಚಾಗಿ ಇಲ್ಲ. ಆಗ ಶುರುವಾಗುವುದೇ ಹೆಸರಿನ ಹುಚ್ಚು. ಮೊದಮೊದಲ ಫಜ್ ಫೇಸ್‌ಗಳಲ್ಲಿ ಎನ್‌ಕೆಟಿ275 ಅನ್ನುವ, ಸಿಲಿಕಾನ್‌ಗೂ ಮುಂಚಿನ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರ್ ಇತ್ತು, ಕೆಲವದರಲ್ಲಿ ಎಸಿ128. ಹಾಗಾಗಿ ಎನ್‌ಕೆಟಿ275 ಹಾಕಿದರೆ ಮಾತ್ರ ಆ ಶಬ್ದ ಅಂತ ಎಲ್ಲರೂ ಹುಡುಕುತ್ತಾರೆ. ನಾನೂ ಹುಡುಕಿದೆ. ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ಒಂದು ಜೋಡಿ ತರಿಸಿದೆ, ತಿಂಗಳ ಮನೆ ಖರ್ಚಿನಲ್ಲಿ ಕೈ ಬಿಗಿ ಹಿಡಿದು ಕೊಟ್ಟ ದುಡ್ಡು ಅದು. ಮೀಟರನ್ನು ಡಯೋಡ್ ರೇಂಜಿಗೆ ಇಟ್ಟು ಬೇಸ್ ಮತ್ತು ಎಮಿಟರ್ ಮಧ್ಯೆ ನೋಡಿದರೆ 0.65 ವೋಲ್ಟ್. ಜರ್ಮೇನಿಯಂ ಆಗಿದ್ದರೆ 0.2, 0.3ರ ಹತ್ತಿರ ಇರಬೇಕು. ಯಾವುದೋ ಸಿಲಿಕಾನ್ ಟ್ರಾನ್ಸಿಸ್ಟರಿನ ಹಳೇ ಅಕ್ಷರ ಅಳಿಸಿ ಹೊಸದು ಮುದ್ರಿಸಿ ಕಳಿಸಿದ್ದರು. ತುಂಬ ನೋವಾಯಿತು. ದಯವಿಟ್ಟು ಈ ಒಂದು ಪರೀಕ್ಷೆ ಮಾಡದೆ ಯಾವ ಜರ್ಮೇನಿಯಂ ಟ್ರಾನ್ಸಿಸ್ಟರನ್ನೂ ನಂಬಬೇಡಿ, ಅರ್ಧ ನಿಮಿಷದ ಕೆಲಸ.

ಆಮೇಲೆ ನಮ್ಮೂರಲ್ಲೇ ದಾರಿ ಸಿಕ್ಕಿತು. ಹಿಂದೆ ರೇಡಿಯೊ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ಅಂಗಡಿ ಮುಚ್ಚುವಾಗ ನನಗೆ ಒಂದು ಬಿಸ್ಕತ್ ಡಬ್ಬಿ ಕೊಟ್ಟರು. "ಮಗಾ, ಇದರಲ್ಲಿ ಹಳೇ ಎಸಿ128 ಇವೆ, ಎಲ್ಲ ಬಿಇಎಲ್ದು, ಈಗ ಯಾರೂ ಕೇಳಲ್ಲ" ಅಂದರು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ 1962ರಲ್ಲೇ ಜರ್ಮೇನಿಯಂ ಸೆಮಿಕಂಡಕ್ಟರ್ ಮಾಡಲು ಶುರು ಮಾಡಿತ್ತು. ಅಂದರೆ ಅಮೆರಿಕದಲ್ಲಿ ಮೊದಲ ಫಜ್ ಅಂಗಡಿಗೆ ಬಂದ ವರ್ಷವೇ ನಮ್ಮಿಂದ 60-70 ಕಿಲೋಮೀಟರ್ ದೂರದಲ್ಲಿ ಅದಕ್ಕೆ ಬೇಕಾದ ಜಾತಿಯ ಟ್ರಾನ್ಸಿಸ್ಟರ್ ತಯಾರಾಗುತ್ತಿತ್ತು. ಅವು ರೇಡಿಯೊಗಳ ಒಳಗೆ ಸೇರಿ ನಮ್ಮ ಹಳ್ಳಿಹಳ್ಳಿಗೂ ಹೋಗಿದ್ದವು. ಇದು ಗೊತ್ತಾದ ದಿನ ನನಗೆ ಆದ ಖುಷಿ ಹೇಳಲಾರೆ. ಅಟ್ಟದ ಮೇಲೆ ಸತ್ತುಬಿದ್ದ ಹಳೇ ಟ್ರಾನ್ಸಿಸ್ಟರ್ ರೇಡಿಯೊ ಇದ್ದರೆ ಗುಜರಿಗೆ ಹಾಕುವ ಮುಂಚೆ ಒಮ್ಮೆ ಬಿಚ್ಚಿ ನೋಡಿ.

ಆದರೆ ಡಬ್ಬಿಯಲ್ಲಿದ್ದ ಎಲ್ಲವೂ ಒಂದೇ ಥರ ಇರಲಿಲ್ಲ. ಮೇಲೆ ಬರೆದ ನಂಬರ್ ಒಂದೇ, ಒಳಗಿನ ಗುಣ ಬೇರೆ ಬೇರೆ. ಜರ್ಮೇನಿಯಂನ ಸ್ವಭಾವವೇ ಅದು. ಅದರಲ್ಲಿ ಸೋರಿಕೆ ಇರುತ್ತದೆ, ಬೇಸ್‌ಗೆ ಏನೂ ಕೊಡದಿದ್ದರೂ ಸ್ವಲ್ಪ ಕರೆಂಟ್ ಹರಿಯುತ್ತಲೇ ಇರುತ್ತದೆ. ಮಲ್ಟಿಮೀಟರಿನಲ್ಲಿ ಟ್ರಾನ್ಸಿಸ್ಟರ್ ಸಿಕ್ಕಿಸುವ ತೂತು ಇರುತ್ತದಲ್ಲ, ಅದು ಗೇನ್ ಅಳೆಯುತ್ತದೆ, ಅಂದರೆ ಬೇಸ್‌ಗೆ ಕೊಟ್ಟ ಕರೆಂಟ್ ಎಷ್ಟು ಪಟ್ಟು ಆಗುತ್ತದೆ ಅಂತ. ಆದರೆ ಈ ಸೋರಿಕೆಯನ್ನೂ ಗೇನ್ ಅಂತಲೇ ಲೆಕ್ಕ ಹಾಕುತ್ತದೆ. 95 ಇರುವುದನ್ನು 120 ಅನ್ನುತ್ತದೆ. ಹಾಗಾಗಿ ಬೇರೆ ದಾರಿ ಬೇಕು. ತುಂಬ ವರ್ಷಗಳಿಂದ ಪೆಡಲ್ ಕಟ್ಟುವವರು ಬಳಸುತ್ತಿರುವ ದಾರಿ ಅದು, ಈಗ ಮಾಡಿ ತೋರಿಸುತ್ತೇನೆ.

ಎಸಿ128 ಪಿಎನ್‌ಪಿ ಜಾತಿ. ಎಮಿಟರನ್ನು 9 ವೋಲ್ಟ್ ಬ್ಯಾಟರಿಯ ಪ್ಲಸ್‌ಗೆ ಕೊಡಿ. ಕಲೆಕ್ಟರಿನಿಂದ 2.4 ಕೆ ಮತ್ತು 68 ಓಮ್ ಒಂದರ ಹಿಂದೆ ಒಂದು ಜೋಡಿಸಿ ಮೈನಸ್‌ಗೆ ಕೊಡಿ. ಮೀಟರನ್ನು ಆ ರೆಸಿಸ್ಟರ್ ಜೋಡಿಯ ಎರಡು ತುದಿಗೆ ಇಡಿ. ಬೇಸ್ ಕಾಲು ಗಾಳಿಯಲ್ಲಿರಲಿ. ಈಗ ಇದು 0.25 ವೋಲ್ಟ್ ತೋರಿಸುತ್ತಿದೆ, ಅಂದರೆ ಸೋರಿಕೆ ಸುಮಾರು 100 ಮೈಕ್ರೋಆಂಪ್. ಈಗ 2.2 ಮೆಗಾಓಮ್ ರೆಸಿಸ್ಟರಿನ ಒಂದು ತುದಿ ಮೈನಸ್‌ಗೆ, ಇನ್ನೊಂದು ತುದಿ ಬೇಸ್‌ಗೆ. ಬೇಸಿನಲ್ಲಿ ಹರಿಯುವುದು 4 ಮೈಕ್ರೋಆಂಪ್ ಮಾತ್ರ. ಮೀಟರ್ 1.20 ಅನ್ನುತ್ತಿದೆ. ಮೊದಲಿನ 0.25 ಕಳೆಯಿರಿ, 0.95 ಉಳಿಯಿತು. ನೂರರಿಂದ ಗುಣಿಸಿ, ಗೇನ್ 95. ರೆಸಿಸ್ಟರಿನ ಬೆಲೆಯನ್ನು ಈ ಲೆಕ್ಕ ಸುಲಭವಾಗಲಿ ಅಂತಲೇ ಹಾಗೆ ಆರಿಸಿರುವುದು. ಮೊದಲ ಟ್ರಾನ್ಸಿಸ್ಟರಿಗೆ 70-80ರ ಗೇನ್, ಎರಡನೆಯದಕ್ಕೆ 110-130, ಇಷ್ಟಿದ್ದರೆ ಫಜ್ ಫೇಸ್‌ಗೆ ಚೆನ್ನಾಗಿ ಒಗ್ಗುತ್ತದೆ ಅಂತ ಕಟ್ಟುವವರ ಅನುಭವ. ನನ್ನ ಅನುಭವವೂ ಅದೇ.

ಈಗ ಇಲ್ಲಿ ನೋಡಿ, ಇದು ಮುಖ್ಯ. ಬೇಸ್ ಮತ್ತೆ ಬಿಡಿಸಿದ್ದೇನೆ. ಟ್ರಾನ್ಸಿಸ್ಟರನ್ನು ಎರಡು ಬೆರಳಲ್ಲಿ ಹಿಡಿದುಕೊಳ್ಳುತ್ತೇನೆ, ಅಷ್ಟೇ. 0.25, 0.28, 0.31, 0.35... ಏರುತ್ತಲೇ ಇದೆ, ಅಲ್ವಾ? ಬರೀ ಬೆರಳಿನ ಬಿಸಿಗೆ. ಸುಮಾರು 10 ಡಿಗ್ರಿ ಬಿಸಿ ಏರಿದರೆ ಸೋರಿಕೆ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಅದಕ್ಕೇ ಅಳೆಯುವಾಗ ಕೈಯಲ್ಲಿ ಮುಟ್ಟಿದ ಮೇಲೆ ಐದು ನಿಮಿಷ ಸುಮ್ನೆ ಬಿಡಬೇಕು. ಬೆಸುಗೆ ಹಾಕುವಾಗಲೂ ಅಷ್ಟೇ, ನೇರವಾಗಿ ಕಾಲಿಗೆ ಐರನ್ ಇಡಬೇಡಿ. ಬೋರ್ಡಿಗೆ ಸಾಕೆಟ್ ಬೆಸೆದು, ಆರಿದ ಮೇಲೆ ಟ್ರಾನ್ಸಿಸ್ಟರ್ ಸಿಕ್ಕಿಸಿ.

ಒಂದು ಸಣ್ಣ ಲೆಕ್ಕ ಮಾಡೋಣ. ಮೊದಲ ಟ್ರಾನ್ಸಿಸ್ಟರಿಗೆ ಕರೆಂಟ್ ಬರುವುದು 33 ಕೆ ದಾಟಿ. 9 ವೋಲ್ಟನ್ನು 33 ಕೆ ಇಂದ ಭಾಗಿಸಿದರೆ ಸುಮಾರು 270 ಮೈಕ್ರೋಆಂಪ್. ಆ ದಾರಿಯಲ್ಲಿ ಅದಕ್ಕಿಂತ ಜಾಸ್ತಿ ಹರಿಯಲು ಆಗುವುದೇ ಇಲ್ಲ. ಇಂಗ್ಲೆಂಡಿನ 20 ಡಿಗ್ರಿಯಲ್ಲಿ 100 ಮೈಕ್ರೋಆಂಪ್ ಸೋರುವ ಟ್ರಾನ್ಸಿಸ್ಟರ್ ಹೇಗೋ ನಡೆಯುತ್ತದೆ. ಅದನ್ನೇ ತಂದು ಏಪ್ರಿಲ್‌ನ ತುಮಕೂರಿನಲ್ಲಿ, 36 ಡಿಗ್ರಿಯಲ್ಲಿ, ಮೇಲೆ ತಗಡಿನ ಶೀಟ್ ಹೊದಿಸಿದ ಸ್ಟೇಜಿನ ಮೇಲೆ, ಕಾದ ಕಬ್ಬಿಣದ ಡಬ್ಬಿಯ ಒಳಗೆ ಇಟ್ಟರೆ ಸೋರಿಕೆಯೇ 300 ದಾಟಬಹುದು. ಸಂಗೀತಕ್ಕೆ ಕರೆಂಟ್ ಎಲ್ಲಿ ಉಳಿಯಿತು? ಮೊದಲ ಟ್ರಾನ್ಸಿಸ್ಟರಿನ ಕಲೆಕ್ಟರ್ ಗ್ರೌಂಡ್ ಕಡೆಗೆ ಜಾರುತ್ತದೆ. ಅದಕ್ಕೇ ಕಟ್ಟಿಕೊಂಡಿರುವ ಎರಡನೆಯದರ ಬೇಸ್ ಕೂಡ ಜಾರುತ್ತದೆ, ಅದು ಕರೆಂಟ್ ಎಳೆಯುವುದು ಕಡಿಮೆ ಮಾಡುತ್ತದೆ, ಅದರ ಕಲೆಕ್ಟರ್ ವೋಲ್ಟೇಜ್ ಬ್ಯಾಟರಿ ಕಡೆಗೆ ಏರುತ್ತದೆ. 100 ಕೆ ಫೀಡ್‌ಬ್ಯಾಕ್ ಇದನ್ನು ಸ್ವಲ್ಪ ತಡೆದು ಹಿಡಿಯುತ್ತದೆ, ಆದರೆ ಅದಕ್ಕೂ ಮಿತಿ ಇದೆ. ಕಿವಿಗೆ ಏನು ಕೇಳುತ್ತದೆ ಅಂದರೆ, ಸ್ವರ ಶುರುವಾಗುವಾಗ ಉಗ್ಗುತ್ತದೆ, ಕೊನೆಯಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತದೆ. ನನಗೆ ಇದು ಆಗಿದ್ದು ಒಂದು ಊರಹಬ್ಬದ ಕಾರ್ಯಕ್ರಮದಲ್ಲಿ. ಬೆಳಿಗ್ಗೆ ಮನೆಯಲ್ಲಿ ಜೇನಿನ ಹಾಗಿದ್ದ ಪೆಡಲ್ ಮಧ್ಯಾಹ್ನದ ಸೌಂಡ್ ಚೆಕ್‌ನಲ್ಲಿ ಕೆಮ್ಮಲು ಶುರು ಮಾಡಿತು. ಬ್ಯಾಟರಿ ಬದಲಿಸಿದೆ, ವೈರ್ ಬದಲಿಸಿದೆ, ಏನೂ ಆಗಲಿಲ್ಲ. ಸಂಜೆ ಏಳೂವರೆಗೆ ತಾನಾಗೇ ಸರಿಹೋಯಿತು. ಆವತ್ತು ರಾತ್ರಿ ಮನೆಗೆ ಬಂದು ಈ ಲೆಕ್ಕ ಹಾಕಿದೆ.

ಮೀಟರ್ ಎಷ್ಟಾಯಿತು? 5.1. ಸರಿ.

ಹಾಗಾದರೆ ಏನು ಮಾಡುವುದು? ಮೊದಲನೆಯದು, ಸೋರಿಕೆ ಅತಿ ಕಡಿಮೆ ಇರುವುದನ್ನು ಮೊದಲ ಜಾಗದಲ್ಲಿ ಹಾಕಿ. ಗೇನ್ ಸ್ವಲ್ಪ ಆಚೀಚೆ ಇದ್ದರೂ ಪರವಾಗಿಲ್ಲ, ಸೋರಿಕೆ ಕಡಿಮೆ ಇರಲಿ. ಎರಡನೆಯದು, 8.2 ಕೆ ರೆಸಿಸ್ಟರನ್ನು ತೆಗೆದು ಆ ಜಾಗಕ್ಕೆ 4.7 ಕೆ ರೆಸಿಸ್ಟರ್ ಮತ್ತು 10 ಕೆ ಪಾಟ್ ಒಂದರ ಹಿಂದೆ ಒಂದು ಹಾಕಿ. ಎಲ್ಲರೂ ಇಲ್ಲಿ ಡಬ್ಬಿಯ ಒಳಗೆ ಪ್ರೀಸೆಟ್, ಅಂದರೆ ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸುವ ಸಣ್ಣ ಪಾಟ್, ಹಾಕಿ, ಒಮ್ಮೆ ತಿರುಗಿಸಿ ಮುಚ್ಚಿಬಿಡುತ್ತಾರೆ. ನಮ್ಮ ಊರಿಗೆ ಅದು ಸಾಲುವುದಿಲ್ಲ. ನಾಬ್ ಹೊರಗೆ ತನ್ನಿ. ಫಜ್, ವಾಲ್ಯೂಮ್ ಪಕ್ಕದಲ್ಲಿ ಮೂರನೇ ನಾಬ್, ಇದೇ ಬಯಾಸ್ ನಾಬ್. ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್‌ನಲ್ಲಿ 4.5 ವೋಲ್ಟ್, ಅಂದರೆ ಬ್ಯಾಟರಿಯ ಅರ್ಧ, ಬರುವ ಹಾಗೆ ಮೊದಲು ಇಡಿ. ಮೇಜಿನ ಮೇಲಿನ ಮೀಟರ್ ಓದುತ್ತಿರುವುದೂ ಇದೇ ವೋಲ್ಟೇಜನ್ನು. ಆಮೇಲೆ ಮೀಟರ್ ಮರೆತು ಕಿವಿಯಿಂದ ತಿರುಗಿಸಿ.

ತಂಬೂರಿ ಶ್ರುತಿ ಮಾಡುವುದನ್ನು ನೋಡಿದ್ದೀರಾ? ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲು ಇಟ್ಟು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾರೆ. ಒಂದು ಜಾಗಕ್ಕೆ ಬಂದಾಗ ತಂತಿ ಝೇಂ ಅಂತ ತೆರೆದುಕೊಳ್ಳುತ್ತದೆ. ನೂಲು ಎಲ್ಲಿರಬೇಕು ಅಂತ ಅಳತೆಪಟ್ಟಿ ಇಟ್ಟು ಯಾರೂ ಹೇಳಲಾರರು, ಆದರೆ ಆ ಜಾಗ ಬಂದಾಗ ರೂಮಿನಲ್ಲಿರುವ ಎಲ್ಲರಿಗೂ ಗೊತ್ತಾಗುತ್ತದೆ. ಈ ನಾಬ್ ತಿರುಗಿಸುವುದು ಅದೇ ಕೆಲಸ. ನನ್ನ ಪೆಡಲ್‌ನಲ್ಲಿ ಆ ಜಾಗ 4.6ರ ಹತ್ತಿರ. ನಿಮ್ಮದರಲ್ಲಿ 5 ಇರಬಹುದು.

ಒಬ್ಬರು ಒಳ್ಳೇ ಪ್ರಶ್ನೆ ಕೇಳಿದರು. ಅವರು ಸೆಮಿ ಅಕೌಸ್ಟಿಕ್ ಗಿಟಾರಿನಲ್ಲಿ ಒಮ್ಮೆ ಫಜ್ ಹಾಕಿ ನೋಡಿದರಂತೆ, ಕರ್ಕಶವಾಗಿ ಕೇಳಿತಂತೆ. ಕಾರಣ ಹೇಳುತ್ತೇನೆ. ಈ ಸರ್ಕ್ಯೂಟಿನ ಬಾಗಿಲು ತುಂಬ ತಗ್ಗು, ಅಂದರೆ ಇನ್‌ಪುಟ್ ಇಂಪೀಡೆನ್ಸ್ ಕಡಿಮೆ, ಹಾಗಾಗಿ ಗಿಟಾರಿನ ಪಿಕಪ್ ಮೇಲೆ ಭಾರ ಹಾಕುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ತಾಮ್ರದ ತಂತಿ ಸಾವಿರಾರು ಸುತ್ತು ಸುತ್ತಿದ ಸುರುಳಿ. ಸುರುಳಿಯೂ ಈ ಭಾರವೂ ಸೇರಿದಾಗ ಮೇಲಿನ ಚುಚ್ಚುವ ಶಬ್ದ ತಾನಾಗಿ ಕಡಿಮೆಯಾಗುತ್ತದೆ. ಅಂದರೆ ಗಿಟಾರೇ ಸರ್ಕ್ಯೂಟಿನ ಒಂದು ಭಾಗ. ಗಿಟಾರಿನ ವಾಲ್ಯೂಮ್ ಹತ್ತರಿಂದ ಏಳಕ್ಕೆ ಇಳಿಸಿ ನೋಡಿ, ಫಜ್ ಕರಗಿ ಹೆಚ್ಚು ಕಡಿಮೆ ತಿಳಿಯಾದ, ಗಾಜಿನಂಥ ಶಬ್ದ ಬರುತ್ತದೆ. ಪೆಡಲ್ ತುಳಿಯಲೇ ಬೇಕಾಗಿಲ್ಲ, ಒಂದು ಕಿರುಬೆರಳು ಸಾಕು. ಈ ಸರ್ಕ್ಯೂಟನ್ನು ನಾನು ಪ್ರೀತಿಸುವುದು ಎಲ್ಲಕ್ಕಿಂತ ಜಾಸ್ತಿ ಇದಕ್ಕೇ. ಆದರೆ ಸೆಮಿ ಅಕೌಸ್ಟಿಕ್‌ನ ಹಾಗೆ ಗಿಟಾರಿನಲ್ಲೇ ಬ್ಯಾಟರಿ ಹಾಕುವ ಪ್ರಿಆಂಪ್ ಇದ್ದರೆ, ಅಥವಾ ಗಿಟಾರಿಗೂ ಫಜ್‌ಗೂ ಮಧ್ಯೆ ಬಫರ್ ಇರುವ ಇನ್ನೊಂದು ಪೆಡಲ್ ಇದ್ದರೆ, ಈ ಸಂಬಂಧ ಕಡಿದುಹೋಗುತ್ತದೆ. ಆಗ ಇನ್‌ಪುಟ್‌ನಲ್ಲಿ 10 ಕೆ ಅಥವಾ ಸ್ವಲ್ಪ ಜಾಸ್ತಿ ರೆಸಿಸ್ಟರನ್ನು ಸಿಗ್ನಲ್ ಅದನ್ನು ದಾಟಿಯೇ ಹೋಗುವ ಹಾಗೆ ಹಾಕಿ. ಪೂರ್ತಿ ಸರಿಹೋಗುವುದಿಲ್ಲ, ತುಂಬ ಸುಧಾರಿಸುತ್ತದೆ. ಮತ್ತೆ, ಫಜ್ ಯಾವಾಗಲೂ ಸಾಲಿನಲ್ಲಿ ಮೊದಲು ಇರಲಿ.

ಇನ್ನು ನಮ್ಮ ಆರ್ಕೆಸ್ಟ್ರಾಗಳ ತೊಂದರೆ. ಗಣೇಶನ ಕಾರ್ಯಕ್ರಮಗಳಲ್ಲಿ ಎಷ್ಟು ಜನರಿಗೆ ಬೇರೆ ಗಿಟಾರ್ ಆಂಪ್ ಸಿಗುತ್ತದೆ? ಕೀಬೋರ್ಡ್, ರಿದಮ್ ಪ್ಯಾಡ್ ಹೋಗುವ ಮಿಕ್ಸರಿಗೇ ಗಿಟಾರ್ ಕೂಡ. ಫಜ್ ಫೇಸ್ ಅದಕ್ಕೆ ಅಂತ ಮಾಡಿದ್ದಲ್ಲ. ಔಟ್‌ಪುಟ್‌ನ 0.01 ಮೈಕ್ರೋಫ್ಯಾರಡ್ ಆಂಪಿಗೆ ಸಾಕು. ಮಿಕ್ಸರಿನ ಲೈನ್ ಇನ್‌ಪುಟ್ 10 ಕೆ ಇದ್ದರೆ ಅದೇ ಕಂಡೆನ್ಸರ್ ಸುಮಾರು 1600 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ ಸೋಸಿಬಿಡುತ್ತದೆ, ಗಿಟಾರಿನ ಮೈಯೇ ಹೋಗುತ್ತದೆ. ಅದನ್ನು 0.1 ಮಾಡಿ. ಇನ್ನೊಂದು ಕಡೆ, ಗಿಟಾರ್ ಆಂಪಿನ ಸ್ಪೀಕರ್ 5000 ಹರ್ಟ್ಸ್ ಮೇಲಿನದನ್ನು ತಾನೇ ಬಿಟ್ಟುಬಿಡುತ್ತದೆ, ಸ್ಟೇಜಿನ ದೊಡ್ಡ ಬಾಕ್ಸುಗಳು ಬಿಡುವುದಿಲ್ಲ, ಅಷ್ಟನ್ನೂ ಜನರ ಕಿವಿಗೆ ಸುರಿಯುತ್ತವೆ. ಜೇನುಹುಳ ಮುತ್ತಿದ ಹಾಗೆ ಕೇಳುವುದು ಇದರಿಂದಲೇ. ವಾಲ್ಯೂಮ್ ಪಾಟ್ ಆದ ಮೇಲೆ 10 ಕೆ ರೆಸಿಸ್ಟರ್, ಅದರ ಆಚೆ ತುದಿಯಿಂದ ಗ್ರೌಂಡ್‌ಗೆ 4.7 ನ್ಯಾನೊಫ್ಯಾರಡ್ ಕಂಡೆನ್ಸರ್ ಹಾಕಿ. ಸುಮಾರು 3400 ಹರ್ಟ್ಸ್ ಮೇಲೆ ಮೆತ್ತಗಾಗುತ್ತದೆ. ಸಣ್ಣ ಖರ್ಚಿನ ಕೆಲಸ, ಆದರೆ ಇದನ್ನು ಮಾಡಿದ ಮೇಲೆಯೇ ನಮ್ಮ ಕೀಬೋರ್ಡಿನವರು ನನ್ನ ಪೆಡಲನ್ನು ಒಪ್ಪಿಕೊಂಡಿದ್ದು.

ಶಬ್ದದ ಜೋರು ಸಾಲದು ಅನ್ನುವವರಿಗೆ ಒಂದು ಮಾತು. ಔಟ್‌ಪುಟ್ ತೆಗೆಯುವುದು 470 ಓಮ್ ಮೇಲಿಂದ, ಅಂದರೆ ಕಲೆಕ್ಟರಿನ ಏರಿಳಿತದ 18ರಲ್ಲಿ ಒಂದು ಪಾಲು ಮಾತ್ರ ಹೊರಗೆ ಬರುತ್ತದೆ. 470 ತೆಗೆದು 1 ಕೆ ಹಾಕಿ, ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ.

ಸಿಲಿಕಾನ್ ಹಾಕಬಾರದಾ ಅಂತ ಕೇಳಿದಿರಿ. ಖಂಡಿತ ಹಾಕಬಹುದು. ಫಜ್ ಫೇಸ್ ಕಂಪನಿಯೇ ಆಮೇಲೆ ಸಿಲಿಕಾನ್‌ಗೆ ಹೋಯಿತು, ಬಿಸಿ108, ಬಿಸಿ183 ಇಂಥವು. ಸೋರಿಕೆ ಲೆಕ್ಕಕ್ಕೇ ಇಲ್ಲ, ಬಿಸಿಲಿಗೆ ಜಗ್ಗುವುದಿಲ್ಲ. ಶಬ್ದ ಹೆಚ್ಚು ಚೂಪು, ಗಿಟಾರಿನ ವಾಲ್ಯೂಮ್ ಇಳಿಸಿದಾಗ ಆ ಗಾಜಿನ ಶಬ್ದ ಅಷ್ಟು ಸೊಗಸಾಗಿ ಬರುವುದಿಲ್ಲ. ಮತ್ತೆ ಅದು ರೇಡಿಯೊ ಹಿಡಿಯುತ್ತದೆ! ನನ್ನ ಮೊದಲ ಸಿಲಿಕಾನ್ ಫಜ್‌ನಲ್ಲಿ ಗಿಟಾರ್ ಮುಟ್ಟದೇ ಇದ್ದಾಗ 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿ ಸಣ್ಣಗೆ ಕೇಳುತ್ತಿತ್ತು, ರೈತರ ಕಾರ್ಯಕ್ರಮ ಪೂರ್ತಿ ಕೇಳಿದ್ದೇನೆ. ಮೊದಲ ಟ್ರಾನ್ಸಿಸ್ಟರಿನ ಬೇಸ್ ಮತ್ತು ಕಲೆಕ್ಟರ್ ಮಧ್ಯೆ 100 ಪಿಕೋಫ್ಯಾರಡ್ ಹಾಕಿದ ಮೇಲೆ ನಿಂತಿತು. ನನಗೆ ಇಷ್ಟವಾದ ಮಧ್ಯದ ದಾರಿ ಬೇರೆ ಇದೆ. ಮೊದಲ ಜಾಗಕ್ಕೆ ಸಿಲಿಕಾನ್ ಪಿಎನ್‌ಪಿ, ಬಿಸಿ557 ಥರದ್ದು, ಗೇನ್ ಕಡಿಮೆ ಇರುವುದನ್ನು ಆರಿಸಿ. ಎರಡನೇ ಜಾಗಕ್ಕೆ ಎಸಿ128. ಸೋರಿಕೆ ಹೆಚ್ಚು ತೊಂದರೆ ಕೊಡುವ ಜಾಗವೇ ಗಟ್ಟಿಯಾಗುತ್ತದೆ. ಬಯಾಸ್ ನಾಬನ್ನು ಸ್ವಲ್ಪ ಕೆಳಗೆ, 5-6 ಕೆ ಹತ್ತಿರ ತರಬೇಕಾಗುತ್ತದೆ. ಬೇಸಿಗೆ ಜಾತ್ರೆಗಳಿಗೆ ನಾನು ಒಯ್ಯುವುದು ಇದನ್ನೇ. ಮನೆಯಲ್ಲಿ, ಮಳೆಗಾಲದಲ್ಲಿ, ಎರಡೂ ಜರ್ಮೇನಿಯಂ ಇರುವುದು.

ಕರೆಂಟಿನ ವಿಷಯ ಬೇಗ ಹೇಳಿಬಿಡುತ್ತೇನೆ. ಪಿಎನ್‌ಪಿ ಫಜ್‌ನಲ್ಲಿ ಬ್ಯಾಟರಿಯ ಪ್ಲಸ್ ಗ್ರೌಂಡ್ ಆಗಿರುತ್ತದೆ, ನಿಮ್ಮ ಉಳಿದ ಪೆಡಲ್‌ಗಳಲ್ಲಿ ಮೈನಸ್. ಎರಡನ್ನೂ ಒಂದೇ ಅಡಾಪ್ಟರಿಗೆ ಕೊಟ್ಟರೆ ಶಾರ್ಟ್ ಆಗುತ್ತದೆ. ಹಾಗಾಗಿ ಇದಕ್ಕೆ ಬೇರೆ ಬ್ಯಾಟರಿಯೇ ಇರಲಿ. ಇದು ತಿನ್ನುವುದು ಒಂದು ಮಿಲಿಆಂಪ್‌ಗೂ ಕಡಿಮೆ, ಸಾದಾ 9 ವೋಲ್ಟ್ ಬ್ಯಾಟರಿ ಎಷ್ಟೋ ವಾರ ಬರುತ್ತದೆ. ಇನ್‌ಪುಟ್‌ಗೆ ಸ್ಟೀರಿಯೊ ಜಾಕ್ ಹಾಕಿದರೆ ಗಿಟಾರ್ ವೈರ್ ಎಳೆದ ತಕ್ಷಣ ಬ್ಯಾಟರಿ ಆಫ್ ಆಗುತ್ತದೆ. ಜಾಕ್, ಕಾಲಿನ ಸ್ವಿಚ್, ಪಾಟ್ ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ಬೆಳಗಿನ ರೈಲಿಗೆ ಹೋದರೆ ಊಟದ ಹೊತ್ತಿಗೆ ವಾಪಸ್.

ಮೀಟರ್ ಈಗ? 5.8. ಕೇಳಿ, ನುಡಿಸುತ್ತೇನೆ. ಸ್ವರದ ಬಾಲ ಕತ್ತರಿಸಿ ಹೋಯಿತು, ಗೊತ್ತಾಯಿತಾ? ಈಗ ಮೂರನೇ ನಾಬನ್ನು ಹೀಗೆ, ಇನ್ನೂ ಸ್ವಲ್ಪ, ಹೀಗೆ. 4.6. ಮತ್ತೆ ಕೇಳಿ.

ಫ್ಯಾನ್ ಹಾಕಿಬಿಡಿ. ಆ ಹಿರಿಯರ ಡಬ್ಬಿಯಲ್ಲಿ ಇನ್ನೂ ಅಳೆಯದ ಹನ್ನೊಂದು ಎಸಿ128 ಉಳಿದಿವೆ. ಪೆಡಲ್ ಕಟ್ಟುತ್ತೇನೆ ಅನ್ನುವವರಿಗೆ ಕೊಡುತ್ತೇನೆ, ದುಡ್ಡು ಬೇಡ. ಮುಂದಿನ ಭಾನುವಾರ ನಿಮ್ಮ ಮೀಟರ್ ತಗೊಂಡು ಮನೆಗೆ ಬನ್ನಿ, ಆದರೆ ಬೆಳಿಗ್ಗೆ ಬೇಡ, ಮಧ್ಯಾಹ್ನ ಎರಡರ ಮೇಲೆ ಬನ್ನಿ. ತಂಪಲ್ಲಿ ಅಳೆದರೆ ಹನ್ನೊಂದೂ ಚೆನ್ನಾಗೇ ಕಾಣುತ್ತವೆ.